ಕೈ ಬಿಡದ ಚೆಂಡು

ಟಿ.ವಿ. ಮುಂದೆ ನಿಂತು ಬೆವರಿಳಿಸುವ ವಿಡಿಯೊ ಗೇಮ್‌ಗಳು ಮನೆಮನೆಗೆ ಬಂದು ಎರಡು ದಶಕ. ಮಗು ಕುಣಿಯುತ್ತದೆ, ಬೀಸುತ್ತದೆ, ಗೆಲ್ಲುತ್ತದೆ. ಆದರೆ ನಿಜವಾದ ಚೆಂಡು ಎಸೆಯಲು ಕಲಿಯುತ್ತದೆಯೇ? ಹ್ಯೂಸ್ಟನ್‌ನಿಂದ ಮೆಲ್ಬರ್ನ್‌ವರೆಗೆ ಮಕ್ಕಳನ್ನು ಆಡಲು ಬಿಟ್ಟು ಅಳೆದವರ ಉತ್ತರ ಗೇಮ್ ಮಾರುವವರಿಗೂ ಹಿಡಿಸದು, ಗೇಮ್ ಎಂದರೆ ಉರಿದುಬೀಳುವವರಿಗೂ ಹಿಡಿಸದು.

2006ರ ಡಿಸೆಂಬರ್. ಕ್ರಿಸ್‌ಮಸ್ ಹತ್ತಿರವಾಗಿದ್ದ ಅಮೆರಿಕದ ಮನೆಗಳಲ್ಲಿ ಹೊಸ ನಮೂನೆಯ ಅವಘಡ ಶುರುವಾಗಿತ್ತು. ಹಜಾರದ ಟೀಪಾಯಿ ಮೂಲೆ ಸೇರಿದೆ, ಸೋಫಾ ಗೋಡೆಗೆ ಒತ್ತಿ ನಿಂತಿದೆ. ಟಿ.ವಿ. ಪರದೆಯ ಮೇಲೆ ಬೌಲಿಂಗ್ ಅಂಕಣ, ಅದರ ತುದಿಯಲ್ಲಿ ಹತ್ತು ಪಿನ್ನು. ಆಡುವವರ ಕೈಯಲ್ಲಿ ಚೆಂಡಿಲ್ಲ, ಬಿಳಿಯದೊಂದು ರಿಮೋಟ್ ಇದೆ. ತೋಳು ಹಿಂದಕ್ಕೆ ಹೋಯಿತು, ಮುಂದಕ್ಕೆ ಬೀಸಿತು, ಬೆರಳುಗಳು ತಮ್ಮಷ್ಟಕ್ಕೇ ಸಡಿಲಗೊಂಡವು. ಮರುಕ್ಷಣ ರಿಮೋಟ್ ಟಿ.ವಿ.ಗೆ ಬಡಿದು ಗಾಜು ಚೂರು!

ಕೆಲವರ ಮನೆಯಲ್ಲಿ ಕಿಟಕಿ ಹೋಯಿತು, ಕೆಲವರ ಮನೆಯಲ್ಲಿ ದೀಪ. ಒಡೆದ ಟಿ.ವಿ.ಗಳ ಫೋಟೊ ನೋಡುವುದೇ ಆ ಚಳಿಗಾಲದ ಅಂತರ್ಜಾಲಕ್ಕೆ ಮೋಜಾಗಿತ್ತು. ರಿಮೋಟನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳಲು ಕೊಟ್ಟಿದ್ದ ದಾರದ ದಪ್ಪ 0.6 ಮಿ.ಮೀ. ಬೀಸಿನ ರಭಸಕ್ಕೆ ಅದು ತುಂಡಾಗುತ್ತಿತ್ತು. ನಿಂಟೆಂಡೊ ಕಂಪನಿ ಅದನ್ನು 1 ಮಿ.ಮೀ.ಗೆ ಏರಿಸಿ, 32 ಲಕ್ಷ ಪಟ್ಟಿಗಳನ್ನು ಪುಕ್ಕಟೆಯಾಗಿ ಬದಲಿಸಿಕೊಡಲು ಮುಂದಾಯಿತು.

ಎಸೆದವರನ್ನು ದಡ್ಡರೆಂದು ನಕ್ಕವರೇ ಹೆಚ್ಚು. ನನಗೇನೋ ಅವರ ಮೈ ಸರಿಯಾಗಿಯೇ ನಡೆದುಕೊಂಡಿತು ಅನಿಸುತ್ತದೆ. ತೋಳು ಬೀಸಿದ ಮೇಲೆ ಬೆರಳು ಬಿಡಲೇಬೇಕು, ಎಸೆತ ಮುಗಿಯುವುದೇ ಹಾಗೆ. ಆಟವೋ ಬಿಡಬೇಡ ಎನ್ನುತ್ತಿತ್ತು. ಪರದೆಯ ಚೆಂಡು ಉರುಳಬೇಕಾದರೆ ರಿಮೋಟಿನ ಅಡಿಯ ಗುಂಡಿಯಿಂದ ಬೆರಳು ಎತ್ತಬೇಕು, ರಿಮೋಟು ಮಾತ್ರ ಮುಷ್ಟಿಯಲ್ಲೇ ಇರಬೇಕು. ಎಸೆಯುವುದೊಂದನ್ನು ಬಿಟ್ಟು ಎಸೆತದ ಉಳಿದೆಲ್ಲ ಅಲ್ಲಿತ್ತು.

ಆ ಪೆಟ್ಟಿಗೆಯ ಹೆಸರು ವೀ. 2006ರ ನವೆಂಬರ್ 19ರಂದು ಅಮೆರಿಕದ ಅಂಗಡಿಗಳಿಗೆ ಬಂತು. 2026ರ ಅದೇ ದಿನಕ್ಕೆ ಇಪ್ಪತ್ತು ತುಂಬುತ್ತದೆ. ಹತ್ತು ಕೋಟಿಗೂ ಹೆಚ್ಚು ಮಾರಾಟವಾಗಿ, ಕೂತು ಆಡುವ ಆಟವನ್ನು ನಿಂತು ಆಡುವಂತೆ ಮಾಡಿತು. ಟೆನಿಸ್, ಬೇಸ್‌ಬಾಲ್, ಬೌಲಿಂಗ್, ಗಾಲ್ಫ್, ಬಾಕ್ಸಿಂಗ್ ಎಲ್ಲ ಒಂದೇ ಡಿಸ್ಕಿನಲ್ಲಿ. ಆಮೇಲೆ ಬಂದ ಕಿನೆಕ್ಟ್, ಡ್ಯಾನ್ಸ್ ಗೇಮ್‌ಗಳು, ಕಣ್ಣಿಗೆ ಕಟ್ಟಿಕೊಳ್ಳುವ ವಿ.ಆರ್. ಹೆಡ್‌ಸೆಟ್‌ಗಳು ಇವೆಲ್ಲ ಅದರ ವಂಶವೇ.

ಇವು ನಮ್ಮ ಮನೆಗಳಿಗೂ ಬಂದಿವೆ. ಏಪ್ರಿಲ್‌ನ ಬಿಸಿಲು, ಶಾಲೆಗೆ ರಜೆ. ಅಪಾರ್ಟ್‌ಮೆಂಟಿನ ಗೋಡೆಯಲ್ಲಿ ‘ಇಲ್ಲಿ ಚೆಂಡಾಟ ನಿಷೇಧಿಸಲಾಗಿದೆ’ ಎಂಬ ಫಲಕ. ಒಳಗೆ ಮಗುವಿನ ಚೌಕಾಸಿ: “ಅಮ್ಮಾ, ಇದು ಕೂತ್ಕೊಂಡು ಆಡೋ ಗೇಮಲ್ಲ, ಓಡಾಡ್ಕೊಂಡು ಆಡೋದು.” ಅಮ್ಮ ಅರೆಮನಸ್ಸಿನಿಂದ ಒಪ್ಪುತ್ತಾಳೆ. ಮೊಬೈಲ್ ಹಿಡಿದು ಸೋಫಾದಲ್ಲಿ ಬಿದ್ದಿರುವುದಕ್ಕಿಂತ ಇದು ವಾಸಿಯಲ್ಲವೇ?

ವಾಸಿಯೇನೋ ಹೌದು. ಎಷ್ಟು ವಾಸಿ, ಯಾವುದಕ್ಕೆ ವಾಸಿ ಎಂಬುದು ಮುಂದಿನ ಕಥೆ.

ಕಾಲಿಗೆ ಸಿಕ್ಕ ಗೇಮು

ಮೈ ಅಲುಗಿಸಿ ಆಡುವ ವಿಡಿಯೊ ಗೇಮ್ ವೀಗಿಂತ ಹಳೆಯದು. 1982ರಲ್ಲೇ ‘ಜಾಯ್‌ಬೋರ್ಡ್’ ಎಂಬ ಹಲಗೆ ಬಂದಿತ್ತು. ಅದರ ಮೇಲೆ ನಿಂತು ಅತ್ತಿತ್ತ ವಾಲಿದರೆ ಪರದೆಯ ಮೇಲಿನ ಸ್ಕೀ ಆಟಗಾರ ತಿರುಗುತ್ತಿದ್ದ. 1986ರಲ್ಲಿ ಜಪಾನಿನ ಬಂದಾಯ್ ಕಂಪನಿ ನೆಲಕ್ಕೆ ಹಾಸುವ ಚಾಪೆ ತಂದಿತು. ಚಾಪೆಯ ಮೇಲೆ ಓಡಿದರೆ ಪರದೆಯ ಮನುಷ್ಯ ಓಡಬೇಕು. ಮಕ್ಕಳು ಮಹಾ ಚಾಣಾಕ್ಷರು. ಮಂಡಿಯೂರಿ ಕುಳಿತು ಎರಡೂ ಅಂಗೈಯಿಂದ ಪಟಪಟ ಬಡಿದರೆ ಕಾಲಿಗಿಂತ ವೇಗವಾಗಿ ಓಡಬಹುದೆಂದು ಪತ್ತೆಹಚ್ಚಿಬಿಟ್ಟರು. ಈ ಕಿಲಾಡಿತನ ಮುಂದಿನ ಕಥೆಗೂ ಬೇಕಾಗುತ್ತದೆ.

ನಿಜವಾದ ಹುಚ್ಚು ಹಿಡಿಸಿದ್ದು 1998ರಲ್ಲಿ ಕೊನಾಮಿ ಕಂಪನಿಯ ‘ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್’. ಹಾಡಿನ ತಾಳಕ್ಕೆ ಪರದೆಯ ಮೇಲೆ ಬಾಣದ ಗುರುತುಗಳು ಏರುತ್ತವೆ, ಕಾಲಡಿಯ ನಾಲ್ಕು ಬಾಣಗಳನ್ನು ತಾಳ ತಪ್ಪದೆ ತುಳಿಯಬೇಕು. ನಮ್ಮ ಮಾಲ್‌ಗಳ ಗೇಮಿಂಗ್ ಜೋನ್‌ಗಳಲ್ಲಿ ದಡದಡ ಸದ್ದು ಮಾಡುವ ಡ್ಯಾನ್ಸ್ ಮಷಿನ್‌ಗಳು ಅದರ ಸಂಬಂಧಿಕರು.

ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯಕ್ಕೆ ಮಕ್ಕಳ ಬೊಜ್ಜಿನದೇ ಚಿಂತೆ. 2006ರ ಆರಂಭದಲ್ಲಿ ಅದು ತನ್ನ 765 ಸರ್ಕಾರಿ ಶಾಲೆಗಳಿಗೂ ಈ ಡ್ಯಾನ್ಸ್ ಗೇಮ್ ಇಡುವುದಾಗಿ ಘೋಷಿಸಿತು. ಒಂದು ರಾಜ್ಯದ ಪಿ.ಟಿ. ಪೀರಿಯಡ್ಡಿಗೇ ವಿಡಿಯೊ ಗೇಮ್ ನುಗ್ಗಿತ್ತು. ಕ್ರೀಡೆಯೆಂದರೆ ಬ್ಯಾಸ್ಕೆಟ್‌ಬಾಲ್ ತಂಡ ಎಂದೇ ತಿಳಿದಿದ್ದ ಶಾಲೆಗಳಲ್ಲಿ, ಯಾವ ತಂಡಕ್ಕೂ ಸೇರದ ಮಕ್ಕಳು ಈ ಮಷಿನ್ನಿನ ಮೇಲೆ ಹತ್ತಬಹುದೆಂಬುದು ಯೋಜಕರ ಆಸೆ.

ಬೆವರಿನ ಲೆಕ್ಕ

ಮೊದಲು ಅಳೆದದ್ದು ಬೆವರನ್ನು. 2007ರಲ್ಲಿ ಲಿವರ್‌ಪೂಲ್‌ನ ಜಾನ್ ಮೂರ್ಸ್ ವಿಶ್ವವಿದ್ಯಾಲಯದ ತಂಡ 13ರಿಂದ 15 ವರ್ಷದ 11 ಮಕ್ಕಳಿಗೆ ಎರಡು ಬಗೆಯ ಗೇಮ್ ಆಡಿಸಿತು. ಕೂತು ಆಡುವ ಕಾರ್ ರೇಸ್ ಒಂದು, ವೀಯ ಟೆನಿಸ್, ಬೌಲಿಂಗ್, ಬಾಕ್ಸಿಂಗ್ ಇನ್ನೊಂದು. ನಿಂತು ಆಡುವಾಗ ಕನಿಷ್ಠ ಶೇ 51ರಷ್ಟು ಹೆಚ್ಚು ಶಕ್ತಿ ಖರ್ಚಾಗಿತ್ತು. ಈ ಅಂಕಿ ಪತ್ರಿಕೆಗಳ ತಲೆಬರಹವಾಯಿತು. ಅದೇ ವರದಿಯ ಮತ್ತೊಂದು ಮಾತು ತಲೆಬರಹ ಏರಲಿಲ್ಲ: ಅಂಗಳದಲ್ಲಿ ಆಡುವ ನಿಜವಾದ ಟೆನಿಸ್, ಬಾಕ್ಸಿಂಗ್‌ಗೆ ಬೇಕಾಗುವ ಶಕ್ತಿಯ ಹತ್ತಿರಕ್ಕೂ ಇದು ಬರಲಿಲ್ಲ. ಮಕ್ಕಳಿಗೆ ದಿನಕ್ಕೆ ಬೇಕೆನ್ನುವ ಕಸರತ್ತಿನ ಲೆಕ್ಕಕ್ಕೆ ಹಿಡಿಯುವಷ್ಟು ತೀವ್ರವೂ ಆಗಿರಲಿಲ್ಲ.

ಅದಾದರೂ ಪ್ರಯೋಗಾಲಯ. ಎದುರಿಗೆ ವಿಜ್ಞಾನಿ ನಿಂತು ‘ಆಡು’ ಅಂದಾಗ ಯಾರು ತಾನೇ ಆಡುವುದಿಲ್ಲ? ಮನೆಯಲ್ಲಿ ಏನಾಗುತ್ತದೆ ಎಂದು ನೋಡಿದವರು ಹ್ಯೂಸ್ಟನ್‌ನ ಬೇಲರ್ ವೈದ್ಯಕೀಯ ಕಾಲೇಜಿನ ಟಾಮ್ ಬಾರನೋಸ್ಕಿ ಮತ್ತು ಸಂಗಡಿಗರು. 9ರಿಂದ 12 ವರ್ಷದ 84 ಮಕ್ಕಳಿಗೆ ವೀ ಪೆಟ್ಟಿಗೆ ಕೊಟ್ಟರು. ಅರ್ಧ ಮಂದಿಗೆ ಮೈ ಕುಣಿಸುವ ಗೇಮ್, ಉಳಿದರ್ಧಕ್ಕೆ ಕೂತು ಆಡುವ ಗೇಮ್. ಇಷ್ಟು ಹೊತ್ತು ಆಡಿ ಎಂಬ ಅಪ್ಪಣೆ ಇಲ್ಲ. ಸೊಂಟಕ್ಕೆ ಚಲನೆ ಅಳೆಯುವ ಪುಟ್ಟ ಯಂತ್ರ ಕಟ್ಟಿ, 13 ವಾರ ಕಾದರು.

2012ರಲ್ಲಿ ಬಂದ ಫಲಿತಾಂಶ ಸಪ್ಪೆ. ಎರಡೂ ಗುಂಪಿನ ಮಕ್ಕಳು ದಿನವಿಡೀ ಓಡಾಡಿದ್ದರಲ್ಲಿ ವ್ಯತ್ಯಾಸವೇ ಇರಲಿಲ್ಲ. ಗೇಮ್ ಆಡುತ್ತ ಅಲುಗಿದ ಮಗು ಆಮೇಲೆ ಅಷ್ಟೇ ಹೊತ್ತು ಒರಗಿತೋ, ಗೇಮನ್ನೇ ಅಷ್ಟು ಜೋರಾಗಿ ಆಡಲಿಲ್ಲವೋ, ಅಂತೂ ಕೊನೆಯ ಮೊತ್ತ ಅದೇ.

ಬೆವರಿನ ಆಸೆಗೆ ಇದು ತಣ್ಣೀರು. ನಿಜ ಹೇಳಬೇಕೆಂದರೆ ನನಗೆ ಈ ಕ್ಯಾಲೊರಿ ಲೆಕ್ಕದಲ್ಲಿ ಆಸಕ್ತಿ ಕಮ್ಮಿ. ಕ್ಯಾಲೊರಿ ನಾಳೆಯೂ ಕರಗಿಸಬಹುದು. ಏಳು ವರ್ಷದ ಮಗು ಕಲಿಯಬೇಕಾದ ಎಸೆತ, ಹಿಡಿತ, ನೆಗೆತಗಳಿಗೆ ಮಾತ್ರ ಒಂದು ಹೊತ್ತುಗೊತ್ತು ಇದೆ.

▌ಬಾಕ್ಸ್: ಮೊಂಬತ್ತಿಯಲ್ಲೂ ನಡೆಯುತ್ತಿತ್ತು!
ವೀ ಜೊತೆ ಟಿ.ವಿ. ಮೇಲೆ ಇಡಲು ಬರುತ್ತಿದ್ದ ಉದ್ದನೆಯ ಪಟ್ಟಿಯನ್ನು ಎಲ್ಲರೂ ‘ಸೆನ್ಸರ್ ಬಾರ್’ ಎನ್ನುತ್ತಿದ್ದರು. ಅದು ಏನನ್ನೂ ಗ್ರಹಿಸುತ್ತಿರಲಿಲ್ಲ. ಎರಡು ತುದಿಯಲ್ಲಿ ಕಣ್ಣಿಗೆ ಕಾಣದ ಅವಗೆಂಪು ದೀಪಗಳಿದ್ದವು, ಅಷ್ಟೆ. ಅವನ್ನು ನೋಡುವ ಕ್ಯಾಮೆರಾ ಇದ್ದದ್ದು ರಿಮೋಟಿನ ಮೂತಿಯಲ್ಲಿ. ಪಟ್ಟಿ ಕೆಟ್ಟಾಗ ಟಿ.ವಿ. ಮುಂದೆ ಎರಡು ಮೊಂಬತ್ತಿ ಹಚ್ಚಿಟ್ಟು ಆಡಿದವರುಂಟು.

ಎಸೆತಕ್ಕೆ ನಾಲ್ಕು ಅಂಕ

ಮಗು ಬೆಳೆದಂತೆ ಓಡುವುದು, ಎಸೆಯುವುದು ತಾನಾಗಿ ಬರುತ್ತದೆ ಎಂಬುದು ನಮ್ಮಲ್ಲಿ ಗಟ್ಟಿ ನಂಬಿಕೆ. ಅರ್ಧ ಮಾತ್ರ ಸರಿ. ನಡಿಗೆ ತಾನಾಗಿ ಬರುತ್ತದೆ. ತೋಳೆತ್ತಿ ಎಸೆಯುವುದು, ಬರುವ ಚೆಂಡನ್ನು ಹಿಡಿಯುವುದು, ಒಂಟಿಗಾಲಲ್ಲಿ ಕುಂಟುವುದು ಇವಕ್ಕೆಲ್ಲ ತೋರಿಸಿಕೊಡುವವರು ಬೇಕು, ನೂರಾರು ಸಲ ತಪ್ಪಲು ಜಾಗ ಬೇಕು. ದೊಡ್ಡವರಾದ ಮೇಲೂ ಚೆಂಡನ್ನು ಮೊಣಕೈಯಿಂದ ತಳ್ಳುವವರು ನಮ್ಮ ನಡುವೆ ಬೇಕಾದಷ್ಟಿದ್ದಾರೆ. ಅವರ ಮೈಯಲ್ಲಿ ಕೊರತೆ ಏನಿಲ್ಲ, ಕಲಿಯುವ ಪಾಳಿ ಬರಲಿಲ್ಲ.

ಇದನ್ನು ಅಳೆಯಲು ಅಮೆರಿಕದ ಪ್ರಾಧ್ಯಾಪಕ ಡೇಲ್ ಉಲ್ರಿಕ್ 1985ರಲ್ಲಿ ಒಂದು ಪರೀಕ್ಷೆ ರೂಪಿಸಿದರು. ಇಂದು ಜಗತ್ತಿನ ಬಹುಪಾಲು ಅಧ್ಯಯನಗಳು ಬಳಸುವುದು ಇದರ ಪರಿಷ್ಕೃತ ಆವೃತ್ತಿಗಳನ್ನೇ. 3ರಿಂದ 10 ವರ್ಷದ ಮಕ್ಕಳಿಗೆ. 2000ದ ಆವೃತ್ತಿಯಲ್ಲಿ 12 ಕೌಶಲಗಳಿವೆ. ಓಟ, ಕುಂಟುವುದು, ಜಿಗಿತದಂಥ ಆರು ಒಂದು ಕಡೆ. ಎಸೆಯುವುದು, ಹಿಡಿಯುವುದು, ಒದೆಯುವುದು, ಪುಟಿಸುವುದು, ಬ್ಯಾಟಿನಿಂದ ಹೊಡೆಯುವುದು, ನೆಲದಲ್ಲಿ ಉರುಳಿಸುವುದು ಇನ್ನೊಂದು ಕಡೆ.

ಈ ಪರೀಕ್ಷೆಯ ಸೊಗಸೆಂದರೆ ಚೆಂಡು ಎಷ್ಟು ದೂರ ಹೋಯಿತು, ಗುರಿಗೆ ತಾಗಿತೇ ಎಂದು ಅದು ಕೇಳುವುದೇ ಇಲ್ಲ. ಎಸೆತದಲ್ಲಿ ನಾಲ್ಕನ್ನು ನೋಡುತ್ತದೆ. ತೋಳು ಮೊದಲು ಕೆಳಗಿಳಿದು ಹಿಂದೆ ಸುತ್ತಿ ಬಂತೇ? ಎಸೆಯದ ಕೈಯ ಬದಿ ಚೆಂಡು ಎಸೆಯುವ ಗೋಡೆಗೆ ಎದುರಾಗುವಂತೆ ಸೊಂಟ, ಭುಜ ತಿರುಗಿದವೇ? ಎಸೆಯುವ ಕೈಗೆ ವಿರುದ್ಧದ ಕಾಲು ಮುಂದೆ ಬಿದ್ದು ಮೈಭಾರ ಅದಕ್ಕೆ ದಾಟಿತೇ? ಚೆಂಡು ಬಿಟ್ಟ ಮೇಲೂ ಕೈ ಮೈಗೆ ಅಡ್ಡಲಾಗಿ ಮುಂದುವರಿಯಿತೇ?

ಈಗ ವೀ ರಿಮೋಟಿನ ಹೊಟ್ಟೆಯೊಳಗೆ ಇಣುಕಿ. ಅದರಲ್ಲಿದ್ದದ್ದು ಮೂರು ದಿಕ್ಕಿನ ವೇಗವರ್ಧನೆ ಅಳೆಯುವ ಒಂದು ಚಿಪ್. ಮುಷ್ಟಿ ಎಷ್ಟು ಜೋರಾಗಿ ಅಲುಗಿತು ಎಂಬುದು ಅದಕ್ಕೆ ಗೊತ್ತು. ಕಾಲು ಎಲ್ಲಿದೆ, ಸೊಂಟ ತಿರುಗಿತೇ, ಆಡುವವರು ನಿಂತಿದ್ದಾರೋ ಸೋಫಾದಲ್ಲಿ ಮಲಗಿದ್ದಾರೋ ಅದಕ್ಕೆ ಗೊತ್ತಿಲ್ಲ. ಉಲ್ರಿಕ್ ಕೇಳುವ ನಾಲ್ಕು ಪ್ರಶ್ನೆಗಳಲ್ಲಿ ಒಂದಕ್ಕೂ ಅದು ಉತ್ತರಿಸಲಾರದು. ಚಾಪೆಯನ್ನು ಅಂಗೈಯಿಂದ ಬಡಿದ ಮಕ್ಕಳ ತಮ್ಮಂದಿರು ಇಲ್ಲೂ ಬಹುಬೇಗ ಗುಟ್ಟು ಕಂಡುಕೊಂಡರು. ಟೆನಿಸ್ ಗೆಲ್ಲಲು ತೋಳು ಬೀಸಬೇಕಿಲ್ಲ, ಮಣಿಕಟ್ಟು ಚಕ್ಕನೆ ಕೊಡವಿದರೆ ಸಾಕು. ಆಟ ಚೆನ್ನಾಗಿ ಬಂದಷ್ಟೂ ಮೈ ಅಲುಗುವುದು ಕಮ್ಮಿ!

2010ರ ನವೆಂಬರ್‌ನಲ್ಲಿ ಬಂದ ಮೈಕ್ರೊಸಾಫ್ಟ್‌ನ ಕಿನೆಕ್ಟ್ ಈ ಕಳ್ಳದಾರಿ ಮುಚ್ಚಿತು. ಅದಕ್ಕೆ ರಿಮೋಟೇ ಬೇಡ. ಅವಗೆಂಪು ಚುಕ್ಕಿಗಳನ್ನು ಕೋಣೆಗೆಲ್ಲ ಚೆಲ್ಲಿ, ಮೈಯ 20 ಕೀಲುಗಳನ್ನು ಕ್ಯಾಮೆರಾದಿಂದ ಹಿಂಬಾಲಿಸುತ್ತಿತ್ತು. ಮೊದಲ 60 ದಿನಗಳಲ್ಲಿ 80 ಲಕ್ಷ ಮಾರಾಟ; ಗಿನ್ನೆಸ್ ದಾಖಲೆ. ಕಾಲು, ಸೊಂಟ, ಭುಜ ಈಗ ಯಂತ್ರಕ್ಕೆ ಕಾಣುತ್ತಿದ್ದವು. ಆದರೆ ಕೈ ಬರಿದಾಯಿತು. ಎಸೆಯಲು ತೂಕವಿಲ್ಲ, ಹಿಡಿಯಲು ಚೆಂಡಿಲ್ಲ, ಬೆರಳಿಗೆ ತಾಗಿ ಜಾರಿಹೋಗುವ ಆ ಸೆಕೆಂಡಿನ ಪಾಠವಿಲ್ಲ. ಕ್ಯಾಚ್ ಬಿಟ್ಟರೆ ಅಂಗೈ ಉರಿಯುವುದಿಲ್ಲ.

ಸುತ್ತಿಗೆ ಹೇಳಿದ್ದು

ಇಲ್ಲಿ ಒಂದು ಶತಮಾನದ ಹಿಂದಿನ ಮಾಸ್ಕೊಗೆ ಹೋಗಬೇಕು. 1920ರ ದಶಕದಲ್ಲಿ ಅಲ್ಲಿನ ಕೇಂದ್ರೀಯ ಶ್ರಮ ಸಂಸ್ಥೆಯಲ್ಲಿ ನಿಕೊಲಾಯ್ ಬರ್ನ್‌ಸ್ಟೀನ್ ಎಂಬ ವಿಜ್ಞಾನಿ, ಉಳಿಯ ಮೇಲೆ ಸುತ್ತಿಗೆ ಬೀಸುವ ನುರಿತ ಕೆಲಸಗಾರರ ಚಲನೆಯನ್ನು ಕ್ಯಾಮೆರಾದಲ್ಲಿ ಸೆರೆಹಿಡಿದರು. ಪಳಗಿದ ಕೈ ಪ್ರತಿಸಲ ಒಂದೇ ಥರ ಬೀಸುತ್ತದೆ ಎಂಬುದು ಎಲ್ಲರ ಊಹೆ. ಹಾಗಾಗಲಿಲ್ಲ. ಸುತ್ತಿಗೆ ಬೀಳುವ ಜಾಗ ಒಂದೇ ಆದರೂ ಭುಜ, ಮೊಣಕೈ, ಮಣಿಕಟ್ಟುಗಳು ಪ್ರತಿಸಲ ಸ್ವಲ್ಪ ಬೇರೆ ದಾರಿ ಹಿಡಿದಿದ್ದವು. ಒಂದು ಕೀಲು ಕೊಂಚ ತಪ್ಪಿದರೆ ಇನ್ನೊಂದು ಸರಿತೂಗಿಸುತ್ತಿತ್ತು. ಒಂದೇ ಸಮಸ್ಯೆಯನ್ನು ಪ್ರತಿಸಲ ಹೊಸದಾಗಿ ಬಿಡಿಸುವುದೇ ಕೌಶಲ, ಒಂದೇ ಉತ್ತರವನ್ನು ಉರುಹೊಡೆಯುವುದಲ್ಲ ಎಂದು ಬರ್ನ್‌ಸ್ಟೀನ್ ತೀರ್ಮಾನಿಸಿದರು.

ಸರಿತೂಗಿಸಲು ಮೊದಲು ತಪ್ಪು ತಿಳಿಯಬೇಕು. ನಿಜವಾದ ಚೆಂಡು ಸುಳ್ಳು ಹೇಳುವುದಿಲ್ಲ. ತಡವಾಗಿ ಬಿಟ್ಟರೆ ಕಾಲಬುಡದಲ್ಲಿ ಬೀಳುತ್ತದೆ, ಬೇಗ ಬಿಟ್ಟರೆ ಪಕ್ಕದ ಮನೆಯ ತಾರಸಿ ಸೇರುತ್ತದೆ. ಗೇಮ್ ಹಾಗಲ್ಲ, ಅದು ದಯಾಳು. ಆಡುವವರು ಬೇಸತ್ತು ಬಿಡಬಾರದಲ್ಲ! ಒರಟು ಬೀಸನ್ನೂ ಚಂದದ ಸರ್ವ್ ಆಗಿ ತಿದ್ದಿ ತೋರಿಸಿ ಚಪ್ಪಾಳೆ ಹೊಡೆಸುತ್ತದೆ.

ಆಸ್ಟ್ರೇಲಿಯಾದ ಡೀಕಿನ್ ವಿಶ್ವವಿದ್ಯಾಲಯದ ಲೀಸಾ ಬಾರ್ನೆಟ್ ಈ ಪ್ರಶ್ನೆಯ ಬೆನ್ನುಬಿದ್ದವರಲ್ಲಿ ಪ್ರಮುಖರು. ಅವರ ತಂಡ 2012ರಲ್ಲಿ ಪ್ರಕಟಿಸಿದ ಮೊದಲ ಅಧ್ಯಯನ ಆಶಾದಾಯಕವಾಗಿತ್ತು. ಶಾಲೆಗೆ ಇನ್ನೂ ಸೇರದ ಮಕ್ಕಳಲ್ಲಿ ಇಂಥ ಗೇಮ್ ಆಡುವವರ ಚೆಂಡಿನ ಕೌಶಲ ಉಳಿದವರಿಗಿಂತ ಮೇಲಿತ್ತು. ಆದರೆ ಗೇಮ್ ಆಡಿ ಕೈ ಪಳಗಿತೋ, ಪಳಗಿದ ಕೈಯ ಮಕ್ಕಳೇ ಇಂಥ ಗೇಮ್ ಇಷ್ಟಪಟ್ಟರೋ? ಒಂದೇ ಸಲ ಅಳೆದರೆ ಇದು ಗೊತ್ತಾಗದು.

ಆದ್ದರಿಂದ ಆಡಿಸಿಯೇ ನೋಡಿದರು. ನಾಲ್ಕರಿಂದ ಎಂಟು ವರ್ಷದ ಮಕ್ಕಳು. ವಾರಕ್ಕೊಂದು ಗಂಟೆಯಂತೆ ಆರು ವಾರ ಕ್ರೀಡಾ ಗೇಮ್. 2015ರಲ್ಲಿ ಬಂದ ಫಲಿತಾಂಶ: ಎಸೆತ, ಹಿಡಿತ, ಒದೆತ ಯಾವುದರಲ್ಲೂ ಗೇಮ್ ಆಡಿದವರು ಮುಂದಿರಲಿಲ್ಲ. 2016ರಲ್ಲಿ ಇದೇ ಬಳಗ 6ರಿಂದ 10 ವರ್ಷದ 36 ಮಕ್ಕಳನ್ನು ಊಟದ ಬಿಡುವಿನಲ್ಲಿ ಕಿನೆಕ್ಟ್ ಮುಂದೆ ನಿಲ್ಲಿಸಿ ಮತ್ತೆ ನೋಡಿತು. ಮತ್ತೆ ಅದೇ.

ಗ್ರೀಸಿನಲ್ಲಿ ಮಾತ್ರ ಬೇರೆ ಫಲ ಬಂತು. ಥ್ರೇಸ್‌ನ ಡೆಮೊಕ್ರಿಟಸ್ ವಿಶ್ವವಿದ್ಯಾಲಯದ ನಿಕೊಲಾಸ್ ವೆರ್ನದಾಕಿಸ್ ತಂಡ 66 ಮಕ್ಕಳನ್ನು ಮೂರು ಗುಂಪು ಮಾಡಿತು. ಒಂದಕ್ಕೆ ಕಿನೆಕ್ಟ್, ಇನ್ನೊಂದಕ್ಕೆ ಎಂದಿನ ಚೆಂಡಿನ ಅಭ್ಯಾಸ, ಮೂರನೆಯದಕ್ಕೆ ಏನೂ ಇಲ್ಲ. ಎಂಟು ವಾರ, ವಾರಕ್ಕೆರಡು ಸಲ. ಮೊದಲ ಎರಡೂ ಗುಂಪುಗಳು ಸುಧಾರಿಸಿದವು, ಹೆಚ್ಚುಕಮ್ಮಿ ಸಮವಾಗಿ.

ಆಸ್ಟ್ರೇಲಿಯಾ ಇಲ್ಲ ಎಂದಿತು, ಗ್ರೀಸ್ ಹೌದು ಎಂದಿತು. ಯಾರನ್ನು ನಂಬುವುದು? ಇಬ್ಬರನ್ನೂ ನಂಬಬಹುದು. ಗ್ರೀಸಿನಲ್ಲಿ ಅದು ಪಾಠವಾಗಿತ್ತು: ಗೊತ್ತುಪಡಿಸಿದ ಕೌಶಲ, ಗೊತ್ತುಪಡಿಸಿದ ಅವಧಿ. ಆಸ್ಟ್ರೇಲಿಯಾದಲ್ಲಿ ಅದು ಆಟವಾಗಿತ್ತು. ನಮ್ಮ ಹಜಾರದಲ್ಲಿ ನಡೆಯುವುದು ಎರಡನೆಯದಕ್ಕೇ ಹತ್ತಿರ.

▌ಬಾಕ್ಸ್: ‘ವೀ’ ಹಿಡಿದ ಭುಜ
2007ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ಗೆ ಸ್ಪೇನಿನಿಂದ ಒಂದು ಪುಟ್ಟ ಪತ್ರ ಬಂತು. 29 ವರ್ಷದ ತರಬೇತಿ ವೈದ್ಯರೊಬ್ಬರಿಗೆ ಬೆಳಿಗ್ಗೆ ಏಳುತ್ತಲೇ ಬಲಭುಜದಲ್ಲಿ ವಿಪರೀತ ನೋವು. ಕ್ರೀಡೆಯೂ ಇಲ್ಲ, ಪೆಟ್ಟೂ ಇಲ್ಲ. ಹಿಂದಿನ ದಿನ ಗಂಟೆಗಟ್ಟಲೆ ವೀ ಟೆನಿಸ್ ಆಡಿದ್ದರು. ರೋಗಕ್ಕೆ ‘ವೀಐಟಿಸ್’ ಎಂದು ನಾಮಕರಣವಾಯಿತು. ಚಿಕಿತ್ಸೆ: ಒಂದು ವಾರ ನೋವಿನ ಮಾತ್ರೆ, ವೀಯಿಂದ ಸಂಪೂರ್ಣ ಪಥ್ಯ.

ಗೇಮ್ ಗೆದ್ದ ಕಡೆ

ಸೋತ ಕಥೆಯನ್ನಷ್ಟೇ ಹೇಳಿದರೆ ಅನ್ಯಾಯ. ಒಂದು ಕಡೆ ಗೇಮ್ ನಿಜಕ್ಕೂ ಗೆದ್ದಿದೆ: ಕಾಲಡಿಯಲ್ಲಿ.

2007ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ‘ವೀ ಫಿಟ್’ ಜೊತೆ ತೂಕದ ಮಷಿನ್ನಿನಂಥ ಹಲಗೆಯೊಂದು ಬರುತ್ತಿತ್ತು. ನಾಲ್ಕು ಮೂಲೆಯಲ್ಲಿ ನಾಲ್ಕು ಸೆನ್ಸರ್. ಮೇಲೆ ನಿಂತವರ ಮೈಭಾರ ಯಾವ ಕಡೆ ಎಷ್ಟು ವಾಲಿದೆ ಎಂಬುದು ಪರದೆಯ ಮೇಲೆ ತಕ್ಷಣ ಮೂಡುತ್ತದೆ. ಇಲ್ಲಿ ನಟನೆ ನಡೆಯುವುದಿಲ್ಲ. ಹಲಗೆ ಅಳೆಯುವ ಸಮತೋಲ ನಿಜವಾದ ಸಮತೋಲವೇ. 2010ರಲ್ಲಿ ಮೆಲ್ಬರ್ನ್‌ನ ಸಂಶೋಧಕರು ಇದನ್ನು ಆಸ್ಪತ್ರೆ, ಪ್ರಯೋಗಾಲಯಗಳಲ್ಲಿ ಬಳಸುವ ಲಕ್ಷಾಂತರ ರೂಪಾಯಿಯ ಉಪಕರಣದ ಪಕ್ಕ ಇಟ್ಟು ಹೋಲಿಸಿದರು. ನಿಂತ ಸಮತೋಲ ಅಳೆಯಲು ಆಟಿಕೆ ಹಲಗೆಯೂ ಸರಿಸಾಟಿ ಎಂದು ಕಂಡಿತು.

ಕೆನಡಾದ ಕ್ಯಾಲ್ಗರಿಯಲ್ಲಿ ನಾಲ್ಕನೆಯ ತರಗತಿಯ ಮಕ್ಕಳಿಗೆ ಆರು ವಾರ, ಪ್ರತಿದಿನ ಇಂಥ ಗೇಮ್‌ಗಳನ್ನು ಆಡಿಸಿದಾಗ ಅವರ ಸಮತೋಲ ಸುಧಾರಿಸಿತು. ಸಮತೋಲಕ್ಕೆಂದೇ ಹೆಣೆದ ವ್ಯಾಯಾಮದ ತರಗತಿಗೆ ಅದು ಸರಿಸಮವಾಗಿತ್ತು, ಮಾಮೂಲಿ ಪಿ.ಟಿ. ಪೀರಿಯಡ್ಡಿಗಿಂತ ಮೇಲಾಗಿತ್ತು. ಪಿ.ಟಿ. ಪೀರಿಯಡ್ ಎಂದರೆ ಗಣಿತದ ಮೇಷ್ಟ್ರು ಪೋರ್ಷನ್ ಮುಗಿಸುವ ಹೊತ್ತು ಎಂದಾಗಿರುವ ಶಾಲೆಗಳ ಜೊತೆ ಹೋಲಿಸುವ ಧೈರ್ಯ ನನಗಿಲ್ಲ.

ಫಿಸಿಯೊಥೆರಪಿಯವರು ಈ ಹಲಗೆಯನ್ನೂ ರಿಮೋಟನ್ನೂ ಬೇಗ ಕೈಗೆತ್ತಿಕೊಂಡರು. 2008ರಲ್ಲೇ ಸೆರೆಬ್ರಲ್ ಪಾಲ್ಸಿ ಇದ್ದ 13 ವರ್ಷದ ಮಗುವಿಗೆ 11 ಸಲ ವೀ ಆಡಿಸಿ, ನಿಲುವು, ಓಡಾಟ ಉತ್ತಮಗೊಂಡದ್ದನ್ನು ಅಮೆರಿಕದ ಚಿಕಿತ್ಸಕರು ದಾಖಲಿಸಿದರು. ಒಂದೇ ಮಗುವಿನ ಕಥೆಯಿಂದ ಏನನ್ನೂ ಸಾಧಿಸಿದಂತಾಗದು. ಆದರೆ ಒಂದೇ ಕಸರತ್ತನ್ನು ಮಾಡು ಮಾಡು ಎಂದು ದಿನವೂ ಗೋಗರೆಯುವ ತಾಯಂದಿರಿಗೆ, ಮಗು ತಾನಾಗಿ “ಇನ್ನೊಂದ್ಸಲ” ಅನ್ನುವುದರ ಬೆಲೆ ಗೊತ್ತು.

ಆಟಕ್ಕುಂಟು, ಲೆಕ್ಕಕ್ಕಿಲ್ಲ

ಪ್ರತಿ ಬೀದಿಯಲ್ಲೂ ಒಂದು ಮಗು ಇರುತ್ತದೆ. ಟೀಮ್ ಹಂಚುವಾಗ ಕೊನೆಗೆ ಉಳಿಯುವುದು ಅದು. ಕ್ಯಾಚ್ ಬಿಡುತ್ತದೆ, ಓಡುವಾಗ ತನ್ನ ಕಾಲಿಗೇ ಎಡವುತ್ತದೆ. ಅಂಗಿಯ ಗುಂಡಿ ಹಾಕಲು, ಶೂ ಲೇಸ್ ಕಟ್ಟಲು ವಾರಿಗೆಯವರಿಗಿಂತ ಹೆಚ್ಚು ಹೊತ್ತು. ಅಕ್ಷರ ಗೆರೆ ಮೀರಿ ಹೋಗುತ್ತದೆ. ಮನೆಯಲ್ಲಿ ‘ಸ್ವಲ್ಪ ಮೊದ್ದು’ ಅನ್ನುತ್ತಾರೆ, ಶಾಲೆಯಲ್ಲಿ ಸೋಮಾರಿ. ಅಂಥ ಮಕ್ಕಳಲ್ಲಿ ಹಲವರಿಗೆ ಇರುವುದು ಚಲನೆಯ ಹೊಂದಾಣಿಕೆಯ ತೊಡಕು, ವೈದ್ಯರು ಡಿ.ಸಿ.ಡಿ. ಎನ್ನುತ್ತಾರೆ. ಶಾಲಾ ವಯಸ್ಸಿನ ನೂರು ಮಕ್ಕಳಲ್ಲಿ ಐದಾರು ಮಂದಿಗೆ ಇದು ಇರುತ್ತದೆಂಬುದು ಅಂದಾಜು. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ.

ಈ ಮಕ್ಕಳಿಗೆ ಗೇಮ್ ಏನು ಕೊಡಬಲ್ಲದು? ಇಂಗ್ಲೆಂಡಿನಲ್ಲಿ 18 ಮಕ್ಕಳಿಗೆ ಶಾಲೆಯಲ್ಲೇ ವಾರಕ್ಕೆ ಮೂರು ಸಲ, ಹತ್ತು ಹತ್ತು ನಿಮಿಷ ಹಲಗೆಯ ಮೇಲಿನ ಸಮತೋಲದ ಗೇಮ್ ಆಡಿಸಿ ನೋಡಿದರು. ತಿಂಗಳಲ್ಲಿ ಸುಧಾರಣೆ ಕಂಡಿತು. ಪರ್ತ್ ನಗರದ ಕರ್ಟಿನ್ ವಿಶ್ವವಿದ್ಯಾಲಯದ ಲಿಯಾನ್ ಸ್ಟ್ರೇಕರ್ ತಂಡದ ಪ್ರಯೋಗ ಇನ್ನೂ ಕಟ್ಟುನಿಟ್ಟು. 10ರಿಂದ 12 ವರ್ಷದ 21 ಮಕ್ಕಳು. 16 ವಾರ ಮನೆಯಲ್ಲಿ ಗೇಮ್, 16 ವಾರ ಗೇಮ್ ಇಲ್ಲ. ಅದೇ ಮಗುವನ್ನು ಅದೇ ಮಗುವಿನ ಜೊತೆ ಹೋಲಿಸಿದರು.

2015ರಲ್ಲಿ ಬಂದ ಉತ್ತರಕ್ಕೆ ಎರಡು ಮುಖ. ಪರೀಕ್ಷೆಯ ಪ್ರಕಾರ ಮಕ್ಕಳ ಕೈಕಾಲಿನ ಹೊಂದಾಣಿಕೆ ಸುಧಾರಿಸಿರಲಿಲ್ಲ. ಆದರೆ ಸ್ವತಃ ಮಕ್ಕಳನ್ನು ಕೇಳಿದಾಗ, ತಮ್ಮ ಕೈಕಾಲು ಮೊದಲಿಗಿಂತ ಚೆನ್ನಾಗಿ ಮಾತು ಕೇಳುತ್ತಿದೆ ಎಂದು ನಂಬಿದ್ದರು.

ಭ್ರಮೆ ಎಂದು ತಳ್ಳಿಹಾಕುವುದು ಸುಲಭ. ನಾನು ಹಾಗೆ ಮಾಡಲಾರೆ. 2008ರಲ್ಲಿ ಡೇವಿಡ್ ಸ್ಟಾಡನ್ ಮತ್ತು ಜೊತೆಗಾರರು ಮುಂದಿಟ್ಟ ಒಂದು ವಿವರಣೆ ಈ ಕ್ಷೇತ್ರದಲ್ಲಿ ಬಹಳ ಚರ್ಚೆಯಾಗಿದೆ. ಕೌಶಲವಿದ್ದ ಮಗು ಹೆಚ್ಚು ಆಡುತ್ತದೆ, ಆಡಿದಷ್ಟೂ ಕೌಶಲ ಬೆಳೆಯುತ್ತದೆ. ‘ನನಗೆ ಬರುವುದಿಲ್ಲ’ ಎಂದುಕೊಂಡ ಮಗು ಅಂಗಳದಿಂದ ಹಿಂದೆ ಸರಿಯುತ್ತದೆ, ಸರಿದಷ್ಟೂ ಹಿಂದುಳಿಯುತ್ತದೆ. ಈ ಎರಡು ಸುಳಿಗಳ ನಡುವೆ ನಿಂತಿರುವುದು ಮಗು ತನ್ನ ಬಗ್ಗೆ ಏನು ನಂಬಿದೆ ಎಂಬುದು. ಬಾರ್ನೆಟ್ ಅವರದೇ ಇನ್ನೊಂದು ಅಧ್ಯಯನ ಶಾಲಾ ಮಕ್ಕಳನ್ನು ಆರೇಳು ವರ್ಷ ಬಿಟ್ಟು ಹದಿಹರೆಯದಲ್ಲಿ ಮತ್ತೆ ಕಂಡಿತು. ಚಿಕ್ಕಂದಿನಲ್ಲಿ ಚೆಂಡಿನ ಕೌಶಲ ಚೆನ್ನಾಗಿದ್ದವರೇ ದೊಡ್ಡವರಾದಾಗ ಹೆಚ್ಚು ಚಟುವಟಿಕೆಯಿಂದಿದ್ದರು.

ಹಜಾರದ ಗೇಮಿನಲ್ಲಿ ನಗುವವರಿಲ್ಲ, ಟೀಮ್ ಹಂಚುವವರಿಲ್ಲ. ಬಿದ್ದರೆ ‘ಮತ್ತೆ ಆಡು’ ಎಂಬ ಗುಂಡಿ ಮಿನುಗುತ್ತದೆ. ಆಟಕ್ಕುಂಟು ಲೆಕ್ಕಕ್ಕಿಲ್ಲ ಅನಿಸಿಕೊಂಡ ಮಗುವಿನ ಲೆಕ್ಕವೂ ಪರದೆಯ ಮೇಲೆ ದಪ್ಪಕ್ಷರದಲ್ಲಿ ಏರುತ್ತದೆ. ಅಲ್ಲಿಂದ ಹೊರಟ ಹುಮ್ಮಸ್ಸು ಬಾಗಿಲು ದಾಟಿ ಅಂಗಳಕ್ಕಿಳಿದರೆ ಗೇಮ್ ಗೆದ್ದಂತೆ. ಇಳಿಯದಿದ್ದರೆ, ಚೆಂಡು ಎಸೆಯಬಲ್ಲೆನೆಂದು ನಂಬಿರುವ, ಎಸೆಯಲು ಬಾರದ ಮಗು ಉಳಿಯುತ್ತದೆ. ಇಳಿಸುವ ಕೆಲಸ ಮಾತ್ರ ಯಾವ ಕಂಪನಿಯದ್ದೂ ಅಲ್ಲ.

▌ಬಾಕ್ಸ್: ಯಾವ ಪರದೆ, ಎಷ್ಟು ಹೊತ್ತು?
ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಪರದೆಯ ಮಿತಿ ಹೇಳಿತು: ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಇಲ್ಲೊಂದು ಸಣ್ಣಕ್ಷರದ ಸಂಗತಿ: ಈ ಮಿತಿ ಇರುವುದು ಕೂತು ನೋಡುವ ಪರದೆಗೆ. ಮೈ ಅಲುಗಿಸಿ ಆಡುವ ಗೇಮ್ ಆ ಲೆಕ್ಕಕ್ಕೆ ಸೇರುವುದಿಲ್ಲ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಏದುಸಿರು ಬರುವಂಥ ಚಟುವಟಿಕೆ ಬೇಕು. ಜಗತ್ತಿನ ಹದಿಹರೆಯದವರಲ್ಲಿ ನೂರಕ್ಕೆ 81 ಮಂದಿ ಅಷ್ಟು ಮಾಡುವುದಿಲ್ಲ.

ಆರನೆಯ ವಾರದ ಹೊತ್ತಿಗೆ

ಗೇಮ್ ಮಕ್ಕಳನ್ನು ಅಂಗಳಕ್ಕೆ ಇಳಿಸಿಯೇಬಿಟ್ಟಿತು ಎಂದು ಜಗತ್ತು ಒಮ್ಮೆ ಸಂಭ್ರಮಿಸಿತ್ತು. 2016ರ ಜುಲೈನಲ್ಲಿ ಬಂದ ‘ಪೋಕೆಮಾನ್ ಗೋ’ ನೆನಪಿರಬೇಕು. ಮೊಬೈಲ್ ಹಿಡಿದು ಬೀದಿ ಬೀದಿ ಅಲೆದು ಕಾಣದ ಪ್ರಾಣಿ ಹಿಡಿಯುವ ಆಟ. ಭಾರತಕ್ಕೆ ಅಧಿಕೃತವಾಗಿ ಬಂದದ್ದು ಅದೇ ಡಿಸೆಂಬರ್‌ನಲ್ಲಿ, ಅಷ್ಟರಲ್ಲಿ ನಮ್ಮವರು ಅಡ್ಡದಾರಿಯಿಂದ ಇಳಿಸಿಕೊಂಡು ಆಡಿ ದಣಿದಿದ್ದರು. ಅಮೆರಿಕದ ಯುವಜನರ ಫೋನಿನಲ್ಲಿ ದಾಖಲಾಗಿದ್ದ ಹೆಜ್ಜೆಗಳನ್ನು ಹಾರ್ವರ್ಡ್ ಸಂಶೋಧಕರು ಎಣಿಸಿದರು. ಮೊದಲ ವಾರ ದಿನಕ್ಕೆ ಸರಾಸರಿ 955 ಹೆಜ್ಜೆ ಹೆಚ್ಚು. ವಾರ ಕಳೆದಂತೆ ಇಳಿಯುತ್ತ, ಆರನೆಯ ವಾರಕ್ಕೆ ಎಲ್ಲ ಮೊದಲಿನಂತೆ.

ಪೆಟ್ಟಿಗೆಗಳ ಆಯುಷ್ಯವೂ ಅಷ್ಟಕ್ಕಷ್ಟೇ. ದಾಖಲೆ ಬರೆದ ಕಿನೆಕ್ಟ್ ತಯಾರಿಕೆಯನ್ನು 2017ರಲ್ಲಿ ನಿಲ್ಲಿಸಲಾಯಿತು. ಆದರೂ ಹೊಸ ಮರಿಗಳು ಹುಟ್ಟುತ್ತಲೇ ಇವೆ. ನಿಂಟೆಂಡೊ 2019ರಲ್ಲಿ ‘ರಿಂಗ್ ಫಿಟ್’ ತಂದಿತು; ಬಳೆಯಂಥ ಆ ಉಪಕರಣವನ್ನು ನಿಜಕ್ಕೂ ಶಕ್ತಿ ಹಾಕಿ ಹಿಸುಕಬೇಕು, ಎಳೆಯಬೇಕು. ಕೈಗೆ ಪ್ರತಿರೋಧ ಸಿಗುವುದರಿಂದ ಈ ವಂಶದಲ್ಲಿ ನನಗೆ ಒಂದಿಷ್ಟು ಭರವಸೆ ಇರುವುದು ಇದರ ಮೇಲೆ. ವಿ.ಆರ್. ಹೆಡ್‌ಸೆಟ್‌ಗಳ ವಯಸ್ಸಿನ ಮಿತಿಯನ್ನು ಮೆಟಾ ಕಂಪನಿ 2023ರಲ್ಲಿ 13ರಿಂದ 10ಕ್ಕೆ ಇಳಿಸಿದೆ. ಮುಂದಿನ ರಜೆಗಳ ಚೌಕಾಸಿ ಅದರದ್ದೇ.

ಗೇಮ್ ಆಡುವುದು ಬಿಡಿಸಲಾಗದ ಗೀಳಾದಾಗ ಹೋಗಲು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ‘ಶಟ್’ ಕ್ಲಿನಿಕ್ ಇದೆ. ಎಸೆಯಲು ಬಾರದ ಮಗುವನ್ನು ಕರೆದೊಯ್ಯಲು ಅಂಥ ಬಾಗಿಲು ಬೇಕಿಲ್ಲ. ಲಗೋರಿಯೊಂದನ್ನೇ ನೋಡಿ. ಕಲ್ಲುಗೋಪುರಕ್ಕೆ ಗುರಿ, ತಪ್ಪಿದ ಚೆಂಡು ಹಿಡಿಯುವುದು, ಬೆನ್ನಿಗೆ ಬೀಳುವ ಚೆಂಡು ತಪ್ಪಿಸಿಕೊಂಡು ಓಡುವುದು, ಬಗ್ಗಿ ಕಲ್ಲು ಜೋಡಿಸುವುದು. ಉಲ್ರಿಕ್ ಪಟ್ಟಿಯ ಅರ್ಧದಷ್ಟು ಒಂದೇ ಆಟದಲ್ಲಿ. ಕುಂಟೆಬಿಲ್ಲೆಯಲ್ಲಿ ಒಂಟಿಗಾಲು, ಎಸೆತ, ಸಮತೋಲ ಒಟ್ಟಿಗೇ ಬರುತ್ತವೆ. ಹಳೆಯದೆಲ್ಲ ಚಿನ್ನ ಎಂದು ಹಾಡಿಹೊಗಳುವ ಜಾಯಮಾನ ನನ್ನದಲ್ಲ. ಲಗೋರಿಗೆ ಮೊದ್ದು ಮಕ್ಕಳನ್ನು ಯಾರೂ ಕರೆಯುತ್ತಿರಲಿಲ್ಲ, ಹೆಣ್ಣುಮಕ್ಕಳನ್ನು ಒಂದು ವಯಸ್ಸಿನ ಮೇಲೆ ಮನೆಯವರೇ ಬಿಡುತ್ತಿರಲಿಲ್ಲ. ಗೇಮಿನಲ್ಲಿ ಆ ತಾರತಮ್ಯವಿಲ್ಲ. ಆದರೆ ಬೆನ್ನಿಗೆ ಚುರ್ರೆನ್ನುವಂತೆ ಬಿದ್ದ ಚೆಂಡು ಕಲಿಸುವುದನ್ನು ಪಿಕ್ಸೆಲ್ ಕಲಿಸಲಾರದು.

ಮನೆಯಲ್ಲಿ ಗೇಮ್ ಈಗಾಗಲೇ ಇದ್ದರೆ ಎಸೆಯುವುದು ಬೇಡ. ಬೌಲಿಂಗ್ ಅರ್ಧ ಗಂಟೆ ಮುಗಿದ ಕೂಡಲೇ, ಹುಮ್ಮಸ್ಸು ಆರುವ ಮೊದಲು, ಒಂದು ಟೆನಿಸ್ ಚೆಂಡು ಕೈಗಿತ್ತು ಕೆಳಗೆ ಕರೆದೊಯ್ಯಿರಿ. ಬಲಗೈ ಮಗುವಾದರೆ ಎಡಗಾಲು ಮುಂದೆ ಬೀಳುತ್ತಿದೆಯೇ ನೋಡಿ. ಬೀಳದಿದ್ದರೆ ನೆಲದಲ್ಲಿ ಸೀಮೆಸುಣ್ಣದಿಂದ ಒಂದು ಪಾದ ಬರೆದು, ಅದನ್ನು ತುಳಿದು ಎಸೆ ಎನ್ನಿ. ಗುರಿ ಇಡಬೇಡಿ. ಗುರಿ ಕೊಟ್ಟರೆ ಮಗು ಮೈ ಬಿಗಿಹಿಡಿದು ಮೊಣಕೈಯಿಂದ ತಳ್ಳುತ್ತದೆ. ಎಷ್ಟು ಜೋರಾಗಿ ಎಸೆಯಬಲ್ಲೆ ಎಂದು ಕೇಳಿದರೆ ಸೊಂಟ ತಾನಾಗಿ ತಿರುಗುತ್ತದೆ. ಇದಕ್ಕೆ ಬೇಕಾದದ್ದು ಒಂದು ಖಾಲಿ ಗೋಡೆ, ಅದರ ಮುಂದೆ ಆರೇಳು ಮೀಟರ್ ಜಾಗ. ಫಲಕ ತೂಗುಹಾಕಿರುವ ಗೋಡೆಯೇ ಆದೀತು. ಅಸೋಸಿಯೇಷನ್ನಿನ ಮುಂದಿನ ಮೀಟಿಂಗ್‌ನಲ್ಲಿ ಪಾರ್ಕಿಂಗ್ ಜಗಳ ಮುಗಿದ ಮೇಲೆ ಆ ವಿಷಯ ಎತ್ತಬಹುದು.